ವಜ್ರ ಜಲ್ಲಿಕಲ್ಲಿನ ಹಾಗೆ ಸಿಕ್ಕರೆ ನಮ್ಮ ವರ್ಕ್‌ಶಾಪಿಗೆ ಏನು ಲಾಭ?

ಹೆಬ್ಬಾಳದ ಗ್ರೈಂಡರ್ (ಮೈಸೂರು):

ಮೊನ್ನೆ ಮಗಳನ್ನು ಕರೆದುಕೊಂಡು ಮೇಲುಕೋಟೆಗೆ ಹೋಗಿದ್ದೆ. ವೈರಮುಡಿ ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿರುತ್ತದೆ, ಉತ್ಸವಕ್ಕೆ ಮಾತ್ರ ಪೊಲೀಸ್ ಕಾವಲಿನಲ್ಲಿ ಬೆಟ್ಟ ಹತ್ತುತ್ತದೆ ಎಂದು ದಾರಿಯಲ್ಲಿ ಹೇಳುತ್ತಿದ್ದೆ. ಅವಳು, "ವಜ್ರ ಅಂದ್ರೆ ಅಷ್ಟು ಭಯನಾ ಅಪ್ಪಾ? ನೀನು ದಿನಾ ಜೇಬಲ್ಲಿ ಇಟ್ಕೊಂಡು ಓಡಾಡ್ತೀಯಲ್ಲ" ಅಂದಳು.

ಅವಳು ಹೇಳಿದ್ದು ನನ್ನ ಡ್ರೆಸ್ಸರ್ ಬಗ್ಗೆ. ನಾನು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಟೂಲ್‌ರೂಮಿನಲ್ಲಿ ಗ್ರೈಂಡಿಂಗ್ ಮಾಡುತ್ತೇನೆ. ಗ್ರೈಂಡಿಂಗ್ ವೀಲ್ ಮೊಂಡಾದರೆ, ಅದರ ಮೈಯಲ್ಲಿ ಲೋಹದ ಪುಡಿ ತುಂಬಿಕೊಂಡರೆ, ಒಂದು ಪದರ ಸವರಿ ತೆಗೆಯಬೇಕು. ಅದಕ್ಕೆ ಬೆರಳುದ್ದದ ಉಕ್ಕಿನ ಕಡ್ಡಿ ಇದೆ. ತುದಿಯಲ್ಲಿ ಒಂದೇ ಒಂದು ಕಲ್ಲು ಕೂರಿಸಿರುತ್ತಾರೆ, ಅರ್ಧ ಕ್ಯಾರೆಟ್ಟೋ ಮುಕ್ಕಾಲು ಕ್ಯಾರೆಟ್ಟೋ. ನನ್ನದರಲ್ಲಿ ಇರುವುದು ಗಣಿಯಿಂದ ಬಂದ ವಜ್ರ. ಹೊಳಪಿಲ್ಲ, ಬೆಲ್ಲದ ಬಣ್ಣ, ಒಳಗೆಲ್ಲ ಚುಕ್ಕಿ. ಒಡವೆಗೆ ಯಾರೂ ಮುಟ್ಟುವುದಿಲ್ಲ.

ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಸುಮ್ನೆ ಊಹೆ ಮಾಡಿ. ಪಾಂಡವಪುರದ ಕಡೆ ಜಲ್ಲಿ ಸಿಗುವ ಹಾಗೆ ನೆಲದಿಂದ ವಜ್ರ ಸಿಕ್ಕಿತು ಅನ್ನೋಣ. ಒಡವೆ ಅಂಗಡಿಯವರ ಕಷ್ಟ ಬಿಡಿ. ಕೈಗಾರಿಕೆಯಲ್ಲಿ ಏನು ಬದಲಾಗುತ್ತದೆ? ಯಾವ ಹೊಸ ವಸ್ತು ಮಾಡಬಹುದು?

ಮದ್ದೂರು ಶೆಡ್:

ಪಾಂಡವಪುರದಲ್ಲಿ ಸಿಕ್ಕರೆ ರಾತ್ರೋರಾತ್ರಿ ಟಿಪ್ಪರ್ ಓಡುತ್ತವೆ, ಬೆಳಿಗ್ಗೆ ನಮ್ಮ ಚರ್ಚೆಗೆ ಕಲ್ಲೇ ಉಳಿದಿರುವುದಿಲ್ಲ.

ತಮಾಷೆ ಬಿಟ್ಟು ಹೇಳುತ್ತೇನೆ. ಅಲ್ಯೂಮಿನಿಯಂ ಕಥೆಯೂ ಹೀಗೇ ಅಲ್ವಾ? ಒಂದು ಕಾಲದಲ್ಲಿ ಬೆಳ್ಳಿಯ ಜೊತೆ ತೂಗುವ ಲೋಹ. 1886ರಲ್ಲಿ ಕರೆಂಟಿನಿಂದ ತೆಗೆಯುವ ದಾರಿ ಸಿಕ್ಕಿತು. ಆಮೇಲೆ ಅದು ಪಾತ್ರೆ, ಕಿಟಕಿ, ವಿಮಾನ ಎಲ್ಲ ಆಯಿತು. ವಜ್ರ ಅಗ್ಗವಾದರೆ ಅದೂ ಹಾಗೇ ಮನೆಮನೆಗೆ ಬರುತ್ತದೆ. ವಜ್ರದ ದೋಸೆ ಕಾವಲಿ, ವಜ್ರದ ಕಿಟಕಿ ಗಾಜು, ವಜ್ರದ ಬೋರ್‌ವೆಲ್ ಬಿಟ್. ನನಗೆ ಕೊನೆಯದು ತುರ್ತಾಗಿ ಬೇಕು. ತೋಟದಲ್ಲಿ ಎರಡು ಬೋರ್ ಫೇಲ್ ಆಗಿವೆ.

ಕ್ವಾರಿ ಮಂಜ (ಶ್ರೀರಂಗಪಟ್ಟಣ):

ಶೆಡ್ ಅಣ್ಣ, ಬೋರ್ ಫೇಲ್ ಆಗಿದ್ದು ನೀರಿಲ್ಲದೆ. ಬಿಟ್‌ದೇನು ತಪ್ಪು? ನಮ್ಮ ಕಡೆ ಬೋರ್‌ವೆಲ್ ಲಾರಿಯಲ್ಲಿ ಇರುವುದು ಸುತ್ತಿಗೆ ಹಾಗೆ ಬಡಿಯುವ ಬಿಟ್. ಅದರ ಮುಖದಲ್ಲಿ ಗುಂಡಿಗಳ ಥರ ಕಾಣುವುದು ಟಂಗ್‌ಸ್ಟನ್ ಕಾರ್ಬೈಡ್ ಅನ್ನುವ ಬಲು ಗಟ್ಟಿ ವಸ್ತು. ಅಲ್ಲಿ ವಜ್ರ ಹಾಕಿದರೆ ಮೊದಲ ದಿನವೇ ಚೂರು. ವಜ್ರಕ್ಕೆ ಉಜ್ಜುವುದು ಗೊತ್ತು, ಬಡಿಸಿಕೊಳ್ಳುವುದು ಗೊತ್ತಿಲ್ಲ. ಕಲ್ಲಿನ ಸ್ಯಾಂಪಲ್ ಉದ್ದಕ್ಕೆ ಕಡ್ಡಿಯ ಹಾಗೆ ತೆಗೆಯುತ್ತಾರಲ್ಲ, ಆ ಕೋರ್ ಡ್ರಿಲ್ಲಿಂಗ್‌ನಲ್ಲಿ ವಜ್ರವೇ ಬೇಕು. ಅಲ್ಲಿ ಬಿಟ್ ಬಡಿಯುವುದಿಲ್ಲ, ತಿರುಗುತ್ತಾ ಅರೆಯುತ್ತದೆ.

ನಾನು ಹದಿನೈದು ವರ್ಷದಿಂದ ಗ್ರಾನೈಟ್ ಕಟಿಂಗ್‌ನಲ್ಲಿ ಇದ್ದೇನೆ. ಚಾಮರಾಜನಗರದ ಕರಿಕಲ್ಲು ಜಾಸ್ತಿ ಬರುತ್ತದೆ. ದೊಡ್ಡ ಬ್ಲೇಡಿನ ಅಂಚಿಗೆ ಬೆಸೆದಿರುವ ತುಂಡುಗಳಿಗೆ ನಾವು ಸೆಗ್ಮೆಂಟ್ ಅನ್ನುತ್ತೇವೆ. ಕೋಬಾಲ್ಟ್, ಕಬ್ಬಿಣದಂಥ ಲೋಹದ ಪುಡಿಯಲ್ಲಿ ವಜ್ರದ ಸಣ್ಣ ಹರಳು ಕಲಸಿ, ಒತ್ತಿ, ಬಿಸಿ ಮಾಡಿ ಮಾಡುತ್ತಾರೆ. ಕ್ವಾರಿಯಲ್ಲಿ ಬಂಡೆ ಕೊಯ್ಯುವ ವೈರ್ ಸಾ ಕೂಡ ಇದೇ ತತ್ವ. ಉಕ್ಕಿನ ಹಗ್ಗಕ್ಕೆ ಮಣಿ ಪೋಣಿಸಿದ ಹಾಗೆ ಇರುತ್ತದೆ, ಆ ಮಣಿಗಳಲ್ಲಿ ವಜ್ರ.

ಇದರಲ್ಲಿ ಗುಟ್ಟು ಇರುವುದು ವಜ್ರದಲ್ಲಿ ಅಲ್ಲ, ಅದನ್ನು ಹಿಡಿದ ಲೋಹದಲ್ಲಿ. ಹರಳು ಮೊಂಡಾದಾಗ ಸುತ್ತಲಿನ ಲೋಹ ಸವೆದು ಅದನ್ನು ಉದುರಿಸಬೇಕು, ಒಳಗಿನ ಹೊಸ ಹರಳು ಮೇಲೆ ಬರಬೇಕು. ಈ ಹಿಡಿಯುವ ಲೋಹಕ್ಕೆ ಬಾಂಡ್ ಅನ್ನುತ್ತೇವೆ. ಗಟ್ಟಿ ಕಲ್ಲಿಗೆ ಮೆದು ಬಾಂಡ್, ಮರಳು ಮರಳಾದ ಮೆದು ಕಲ್ಲಿಗೆ ಗಟ್ಟಿ ಬಾಂಡ್. ಉಲ್ಟಾ ಮಾಡಿದರೆ ಬ್ಲೇಡಿನ ಮುಖ ಕನ್ನಡಿಯ ಹಾಗೆ ನಯವಾಗಿ ಕೂತುಬಿಡುತ್ತದೆ. ಬರೀ ಸದ್ದು, ಕೊಯ್ತ ಇಲ್ಲ. ಆಗ ಇಟ್ಟಿಗೆಯನ್ನೋ ಒರಟು ಕಲ್ಲನ್ನೋ ಕೊಯ್ದು ಮತ್ತೆ ಮುಖ ಬಿಡಿಸುತ್ತೇವೆ. ಹೊಸದಾಗಿ ಸೇರಿದಾಗ ಇದು ಗೊತ್ತಿಲ್ಲದೆ ಒಂದು ಬ್ಲೇಡ್ ಕೆಂಪಗೆ ಕಾಯಿಸಿ ಬೈಸಿಕೊಂಡಿದ್ದೆ.

ಈಗ ಗ್ರೈಂಡರ್ ಸರ್ ಪ್ರಶ್ನೆಗೆ ಬರುತ್ತೇನೆ. ನಮ್ಮ ಬ್ಲೇಡಿನ ವಜ್ರ ಗಣಿಯದಲ್ಲ, ಕಾರ್ಖಾನೆಯದು. ಗಣಿ ಕಲ್ಲನ್ನು ಕುಟ್ಟಿದರೆ ಚೂರು ಒಂದೊಂದು ಒಂದೊಂದು ಆಕಾರ. ಒಂದು ಗಟ್ಟಿ, ಇನ್ನೊಂದರಲ್ಲಿ ಆಗಲೇ ಬಿರುಕು. ಕಾರ್ಖಾನೆಯ ಹರಳು ಎಲ್ಲಾ ಒಂದೇ ಅಳತೆ, ಒಂದೇ ಗಟ್ಟಿತನ, ದಾಳದ ಹಾಗೆ ಮೂಲೆ ಮೂಲೆ. ಅದೂ ಈಗ ಅಗ್ಗ. ನೆಲದಿಂದ ಪುಕ್ಕಟೆ ವಜ್ರ ಬಂದರೂ ಅದನ್ನು ಕುಟ್ಟಿ, ಜರಡಿ ಹಿಡಿದು, ಆಕಾರ ಆರಿಸುವ ಖರ್ಚು ಉಳಿದೇ ಇರುತ್ತದೆ. ನಮ್ಮ ಕೊಯ್ತಕ್ಕೆ ಹೆಚ್ಚು ವ್ಯತ್ಯಾಸ ಆಗಲಿಕ್ಕಿಲ್ಲ.

ನಿವೃತ್ತ ಮೇಷ್ಟ್ರು (ಸರಸ್ವತಿಪುರಂ):

ಮಂಜ ಅವರು ಅನುಭವದಿಂದ ಹೇಳಿದ್ದು ಲೆಕ್ಕಕ್ಕೂ ಸರಿಯಾಗಿದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯವರು 1954ರ ಡಿಸೆಂಬರ್‌ನಲ್ಲಿ ಪ್ರಯೋಗಾಲಯದಲ್ಲಿ ವಜ್ರ ಮಾಡಿದರು, ಮುಂದಿನ ವರ್ಷ ಪ್ರಕಟಿಸಿದರು. ಸ್ವೀಡನ್ನಿನ ಆಸಿಯಾ ಕಂಪನಿ 1953ರಲ್ಲೇ ಮಾಡಿತ್ತು, ಬಾಯಿ ಬಿಡಲಿಲ್ಲ. ಇವತ್ತು ಕೈಗಾರಿಕೆ ಬಳಸುವ ವಜ್ರದಲ್ಲಿ 100ಕ್ಕೆ 99 ಭಾಗ ಕೃತಕ. ಅಂದರೆ ಪುಡಿಯ ಮಟ್ಟಿಗೆ "ವಜ್ರ ಹೇರಳವಾದರೆ" ಎನ್ನುವ ಕಾಲ ಬಂದು ಹೋಗಿದೆ, ನಾವು ಗಮನಿಸಲಿಲ್ಲ ಅಷ್ಟೇ.

ಶೆಡ್ ಅವರ ಅಲ್ಯೂಮಿನಿಯಂ ಹೋಲಿಕೆಗೆ ನನ್ನ ತಕರಾರಿದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಅಚ್ಚಿಗೆ ಹೊಯ್ಯಬಹುದು, ತಗಡು ಬಡಿಯಬಹುದು, ತಂತಿ ಎಳೆಯಬಹುದು. ವಜ್ರಕ್ಕೆ ಇದು ಯಾವುದೂ ಆಗದು. ಗಾಳಿಯಲ್ಲಿ ಕಾಯಿಸಿದರೆ ಸುಮಾರು 700-800 ಡಿಗ್ರಿಯ ಆಚೆ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಲವಾಸಿಯೇ 1772ರಲ್ಲೇ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ವಜ್ರ ಸುಟ್ಟು ನೋಡಿದ್ದ. ಗಾಳಿ ಇಲ್ಲದ ಕಡೆ ಇನ್ನೂ ಕಾಯಿಸಿದರೆ ಪೆನ್ಸಿಲ್ಲಿನ ಗ್ರಾಫೈಟ್ ಆಗುತ್ತದೆ. ಎರಡು ತುಂಡು ಸೇರಿಸಿ ಒಂದು ಮಾಡಲು ಬೆಸುಗೆಯೂ ಇಲ್ಲ. ಹಾಗಾಗಿ ನೆಲದಲ್ಲಿ ಕಡಲೆ ಗಾತ್ರದ ವಜ್ರ ಲಾರಿಗಟ್ಟಲೆ ಸಿಕ್ಕರೂ ನಮ್ಮ ಹತ್ತಿರ ಇರುವುದು ಕಡಲೆ ಗಾತ್ರದ ವಜ್ರಗಳೇ. ಕಾವಲಿ ಗಾತ್ರದ್ದು ಬೇಕಾದರೆ ಕಾವಲಿ ಗಾತ್ರದ ಕಲ್ಲೇ ಸಿಗಬೇಕು, ಅದನ್ನು ತಿಂಗಳುಗಟ್ಟಲೆ ಉಜ್ಜಬೇಕು, ಉಜ್ಜಲು ಮತ್ತೆ ವಜ್ರವೇ ಬೇಕು.

ನಾನು ಪ್ರಶ್ನೆಯನ್ನು ಹೀಗೆ ತಿರುಗಿಸುತ್ತೇನೆ: ಎಷ್ಟು ಸಿಗುತ್ತದೆ ಎಂದಲ್ಲ, ಎಷ್ಟು ದೊಡ್ಡದು, ಎಷ್ಟು ಶುದ್ಧ? 

ಹೇರಳ ಎನ್ನುವುದಕ್ಕೆ ಎರಡು ನಿಜವಾದ ಉದಾಹರಣೆ ಕೊಡುತ್ತೇನೆ. ಸೈಬೀರಿಯಾದ ಪೊಪಿಗಾಯ್‌ನಲ್ಲಿ ಸುಮಾರು 3.5 ಕೋಟಿ ವರ್ಷದ ಹಿಂದೆ ಉಲ್ಕೆ ಬಿದ್ದು 100 ಕಿ.ಮೀ. ಅಗಲದ ಕುಳಿ ಆಯಿತು. ಆ ಹೊಡೆತಕ್ಕೆ ಅಲ್ಲಿನ ಗ್ರಾಫೈಟ್ ವಜ್ರವಾಯಿತು. ರಾಶಿ ಇದೆ, ಆದರೆ ಸಣ್ಣ ಸಣ್ಣ, ಉಜ್ಜುವ ಕೆಲಸಕ್ಕೆ ಮಾತ್ರ ಬರುವಂಥದ್ದು. ಎರಡನೆಯದು ನಮ್ಮ ಕಾಲ ಕೆಳಗೆ. 2018ರಲ್ಲಿ ಅಮೆರಿಕದ ಎಂಐಟಿಯವರು ಸೇರಿದ ತಂಡ ಭೂಕಂಪದ ಅಲೆಗಳ ವೇಗ ನೋಡಿ, ಹಳೆಯ ಖಂಡಗಳ ಬೇರಿನಲ್ಲಿ ಕೋಟಿ ಕೋಟಿ ಟನ್ ವಜ್ರ ಇರಬಹುದು ಎಂದು ಲೆಕ್ಕ ಹಾಕಿತು. ಆಳ ಸುಮಾರು 145ರಿಂದ 240 ಕಿ.ಮೀ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಇಳಿದದ್ದು ಸುಮಾರು 3.2 ಕಿ.ಮೀ.

ಮದ್ದೂರು ಶೆಡ್:

ಮೇಷ್ಟ್ರೇ, ಒಪ್ಪಿದೆ. ಆದರೂ ಆಸೆ ಬಿಡಲ್ಲ. ಕಾವಲಿ ಗಾತ್ರದ ಕಲ್ಲು ಸಿಕ್ಕಿತು, ಉಜ್ಜಿಯೂ ಆಯಿತು ಅಂದುಕೊಳ್ಳಿ. ದೋಸೆ ಹೇಗೆ ಬರುತ್ತದೆ?

ಬಿಸಿ ಚಿಪ್ಪು (ವಿಜಯನಗರ 2ನೇ ಹಂತ):

ಇದಕ್ಕೆ ನಾನು ಉತ್ತರ ಹೇಳುತ್ತೇನೆ, ಯಾಕೆಂದರೆ ಬಿಸಿ ಸಾಗಿಸುವುದೇ ನನ್ನ ಕೆಲಸ. ಪವರ್ ಎಲೆಕ್ಟ್ರಾನಿಕ್ಸ್ ಬೋರ್ಡುಗಳನ್ನು ಡಿಸೈನ್ ಮಾಡುತ್ತೇನೆ.

ಬಿಸಿ ಹರಿಸುವ ಗುಣವನ್ನು ಅಳೆಯುವ ಅಂಕಿಯಲ್ಲಿ ತಾಮ್ರಕ್ಕೆ ಸುಮಾರು 400. ಶುದ್ಧ ವಜ್ರಕ್ಕೆ 2000ಕ್ಕೂ ಮೇಲೆ. ಹಾಗಾಗಿ ಒಲೆಯ ಉರಿ ನಡುವೆ ಇದ್ದರೂ ಕಾವಲಿಯ ಅಂಚಿಗೂ ಅಷ್ಟೇ ಕಾವು. ದೋಸೆ ನಡುವೆ ಕರಿ, ಅಂಚಲ್ಲಿ ಬಿಳಿ ಅನ್ನುವ ಗೋಳು ಇಲ್ಲ. ಆದರೆ ಹಿಡಿಯೂ ಅಷ್ಟೇ ಬಿಸಿ, ಅದನ್ನು ಮರೆಯಬೇಡಿ. ಇನ್ನೊಂದು ವಿಷಯ. ಅದೇ ದಪ್ಪದ ಕಬ್ಬಿಣದ ಹೆಂಚು ಹಿಡಿದಿಟ್ಟುಕೊಳ್ಳುವ ಬಿಸಿಯಲ್ಲಿ ವಜ್ರ ಹಿಡಿಯುವುದು ಅರ್ಧದಷ್ಟು ಮಾತ್ರ, ಯಾಕೆಂದರೆ ಅದು ಕಬ್ಬಿಣಕ್ಕಿಂತ ಹಗುರ. ತಣ್ಣನೆ ಹಿಟ್ಟು ಹುಯ್ದ ಕೂಡಲೇ ಇಡೀ ಕಾವಲಿ ಒಟ್ಟಿಗೆ ತಣ್ಣಗಾಗುತ್ತದೆ. ಗರಿಗರಿ ಬೇಕಾದರೆ ದಪ್ಪ ಜಾಸ್ತಿ ಮಾಡಬೇಕು. ನಮ್ಮ ಅಜ್ಜಿಯ ಕಬ್ಬಿಣದ ಹೆಂಚೇ ವಾಸಿ.

ನನಗೆ ವಜ್ರ ಬೇಕಾಗಿರುವುದು ಚಿಪ್ಪಿನ ಕೆಳಗೆ. ಮೊಬೈಲ್ ಟವರಿನ ಪವರ್ ಆಂಪ್ಲಿಫೈಯರ್ ತಗೊಳ್ಳಿ. ಅದರ ಟ್ರಾನ್ಸಿಸ್ಟರ್‌ನಲ್ಲಿ ಕೂದಲೆಳೆಗಿಂತ ಸಣ್ಣ ಜಾಗದಲ್ಲಿ ಬಿಸಿ ಹುಟ್ಟುತ್ತದೆ. ಫ್ಯಾನು, ಹೀಟ್ ಸಿಂಕು ಎಲ್ಲ ಆಮೇಲಿನ ಮಾತು. ಮೊದಲು ಆ ಚುಕ್ಕಿಯಿಂದ ಬಿಸಿ ಅಗಲಕ್ಕೆ ಹರಡಬೇಕು. ತಾಮ್ರ ಹರಡುತ್ತದೆ, ಆದರೆ ಕರೆಂಟನ್ನೂ ಹರಿಸುತ್ತದೆ. ನಡುವೆ ಒಂದು ನಿರೋಧಕ ಪದರ ಇಡಬೇಕು, ಆ ಪದರವೇ ಬಿಸಿಗೆ ಅಡ್ಡ. ವಜ್ರ ಬಿಸಿಯನ್ನು ತಾಮ್ರಕ್ಕಿಂತ ಐದು ಪಟ್ಟು ಚೆನ್ನಾಗಿ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಲೋಹದಲ್ಲಿ ಬಿಸಿ ಹೊರುವುದು ಎಲೆಕ್ಟ್ರಾನ್. ವಜ್ರದಲ್ಲಿ ಹೊರುವುದು ಪರಮಾಣುಗಳ ನಡುಕ. ಬಿಗಿಯಾಗಿ ಕಟ್ಟಿದ ಹಗುರ ಪರಮಾಣುಗಳು, ಒಂದು ತುದಿ ತಟ್ಟಿದರೆ ಇನ್ನೊಂದಕ್ಕೆ ಗೊತ್ತಾಗುತ್ತದೆ.

ಮೇಷ್ಟ್ರು ಹೇಳಿದ "ಎಷ್ಟು ಶುದ್ಧ" ಇಲ್ಲಿ ಬರುತ್ತದೆ. ಗಣಿ ವಜ್ರಗಳಲ್ಲಿ ಬಹುಪಾಲಿಗೆ ನೈಟ್ರೋಜನ್ ಬೆರೆತಿರುತ್ತದೆ. ಅದು ಆ ನಡುಕಕ್ಕೆ ಅಡ್ಡಗಾಲು ಹಾಕುತ್ತದೆ, ಅಂಕಿ ಅರ್ಧಕ್ಕೂ ಇಳಿಯಬಹುದು. ನೈಟ್ರೋಜನ್ ಇಲ್ಲದೇ ಇರುವಂಥವು 100ರಲ್ಲಿ ಒಂದೋ ಎರಡೋ. ಅದಕ್ಕೇ ನಮ್ಮ ಕ್ಷೇತ್ರದವರು ಮೀಥೇನ್ ಮತ್ತು ಹೈಡ್ರೋಜನ್ ಅನಿಲದಿಂದ ತಟ್ಟೆಯ ಹಾಗೆ ಬೆಳೆಸಿದ ಸಿವಿಡಿ ವಜ್ರ ಹುಡುಕುತ್ತಾರೆ. 100 ಮಿ.ಮೀ. ಅಗಲದ ತಟ್ಟೆಗಳೂ ಬರುತ್ತವೆ.

ಅದು ಸಿಕ್ಕಿದರೂ ಜಗಳ ಮುಗಿಯುವುದಿಲ್ಲ. ಬಿಸಿಗೆ ತಾಮ್ರ ಹಿಗ್ಗುವುದು ವಜ್ರಕ್ಕಿಂತ ಹದಿನೈದು ಪಟ್ಟು ಜಾಸ್ತಿ. ಎರಡನ್ನೂ ಅಂಟಿಸಿದರೆ ಒಂದು ಎಳೆಯುತ್ತದೆ, ಇನ್ನೊಂದು ಬಗ್ಗುವುದಿಲ್ಲ. ನಾಲ್ಕು ದಿನ ಆನ್ ಆಫ್ ಮಾಡಿದರೆ ಅಂಟು ಬಿಡುತ್ತದೆ.

ಹೆಬ್ಬಾಳದ ಗ್ರೈಂಡರ್ (ಮೈಸೂರು):

ಮೇಡಂ, ಬಿಸಿಯ ವಿಷಯ ಬಂದಿದ್ದಕ್ಕೆ ನನ್ನ ಹೊಟ್ಟೆಯುರಿ ಹೇಳಿಕೊಳ್ಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಶಾಪಿನಲ್ಲಿ ಹೊಸ ಅಪ್ರೆಂಟಿಸ್ ಹುಡುಗನಿಗೆ ಡ್ರೆಸ್ಸಿಂಗ್ ಹೇಳಿಕೊಟ್ಟು ಟೀಗೆ ಹೋದೆ. ಅವನು ಕೂಲಂಟ್, ಅಂದರೆ ತಣ್ಣಗಿಡುವ ನೀರು, ಬಿಡದೆ ಶುರು ಮಾಡಿದ. ಕಿಡಿ ಜಾಸ್ತಿ ಬಂದ ಮೇಲೆ ಹೆದರಿ ಒಮ್ಮೆಲೇ ಕೂಲಂಟ್ ಬಿಟ್ಟ. ಕಾದ ಕಲ್ಲಿಗೆ ತಣ್ಣೀರು. ಟಕ್ ಅಂತ ಹೋಯಿತು. ಬರೀ ಉಕ್ಕಿನ ಕಡ್ಡಿ ವೀಲಿಗೆ ತಾಗಿ ವೀಲೂ ಹಾಳು. ಸಂಬಳದಲ್ಲಿ ಹಿಡಿದದ್ದು ನನ್ನದು.

ಅದಕ್ಕೇ ಈಗ ಹುಡುಗರಿಗೆ ಮೂರೇ ಮಾತು ಹೇಳುತ್ತೇನೆ. ನೀರು ಮೊದಲಿಂದ ಕೊನೆತನಕ. ಕಡ್ಡಿಯನ್ನು ನೇರ ಹಿಡಿಯಬೇಡ, ವೀಲ್ ತಿರುಗುವ ದಿಕ್ಕಿಗೆ 10-15 ಡಿಗ್ರಿ ವಾಲಿಸು. ಆಗಾಗ ಕಡ್ಡಿಯನ್ನೇ ಸ್ವಲ್ಪ ತಿರುಗಿಸಿ ಹೊಸ ಮೂಲೆ ಕೊಡು.

ಇನ್ನೊಂದು ಸೇರಿಸುತ್ತೇನೆ. ವಜ್ರ ಎಷ್ಟೇ ಅಗ್ಗವಾದರೂ ನಮ್ಮ ಶಾಪಿನ ಮುಕ್ಕಾಲು ಪಾಲು ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ನಾವು ಕೊಯ್ಯುವುದು ಉಕ್ಕು. ಬಿಸಿಯಾದ ಕಬ್ಬಿಣಕ್ಕೆ ಕಾರ್ಬನ್ ಅಂದರೆ ಹಸಿದವನ ಮುಂದೆ ಮುದ್ದೆ ಇಟ್ಟ ಹಾಗೆ. ವಜ್ರದ ಮೂಲೆಯನ್ನು ಕರಗಿಸಿಕೊಂಡು ತಿನ್ನುತ್ತದೆ. ಗಟ್ಟಿ ಮಾಡಿದ ಉಕ್ಕಿಗೆ ಸಿಬಿಎನ್ ಹಾಕುತ್ತೇವೆ, ಅದು ಬೋರಾನ್ ಮತ್ತು ನೈಟ್ರೋಜನ್ ಸೇರಿದ್ದು. ಅಲ್ಯೂಮಿನಿಯಂ ಪಿಸ್ಟನ್, ತಾಮ್ರ, ಕಾರ್ಬೈಡ್ ಇದ್ದರೆ ಮಾತ್ರ ವಜ್ರ.

ಅಶೋಕ ರಸ್ತೆ ಚಿನಿವಾರ:

ಒಡವೆಯವರ ಕಷ್ಟ ಬಿಡಿ ಅಂದಿರಲ್ಲ, ಅದಕ್ಕೇ ಬಂದೆ!

ಬಿಸಿ ಚಿಪ್ಪು ಮೇಡಂ ಹೇಳಿದ ಗುಣವನ್ನೇ ನಾವು ದಿನಾ ಉಪಯೋಗಿಸುತ್ತೇವೆ. ನಮ್ಮ ಟೆಸ್ಟರ್ ಪೆನ್ನಿನ ತುದಿ ಬಿಸಿಯಾಗಿರುತ್ತದೆ. ಕಲ್ಲಿಗೆ ತಾಗಿಸಿದಾಗ ಬಿಸಿಯನ್ನು ಥಟ್ಟನೆ ಎಳೆದುಕೊಂಡರೆ ವಜ್ರ, ಇಲ್ಲದಿದ್ದರೆ ಗಾಜೋ ಜಿರ್ಕಾನೋ. 1990ರ ದಶಕದ ಕೊನೆಯಲ್ಲಿ ವಜ್ರದ ಹಾಗೇ ಬಿಸಿ ಎಳೆಯುವ ಮಾಯ್ಸನೈಟ್ ಎಂಬ ಕೃತಕ ಕಲ್ಲು ಬಂದು ಈ ಪೆನ್ನಿಗೇ ಟೋಪಿ ಹಾಕಿತು. ಈಗ ಕರೆಂಟ್ ಹರಿಯುತ್ತದಾ ಅಂತಲೂ ನೋಡುವ ಟೆಸ್ಟರ್ ಬೇಕು. ಲ್ಯಾಬ್ ವಜ್ರ ಬಂದ ಮೇಲೆ ಅದೂ ಸಾಲದು, ಅದು ವಜ್ರವೇ ಅಲ್ಲವೇ.

ಉಜ್ಜುವ ಬಗ್ಗೆ ಒಂದು ಮಾತು. ವಜ್ರ ಎಲ್ಲಾ ಕಡೆ ಒಂದೇ ಗಟ್ಟಿ ಅಲ್ಲ. ಮರಕ್ಕೆ ಎಳೆ ಇರುವ ಹಾಗೆ ಅದಕ್ಕೂ ದಿಕ್ಕು ಇದೆ. ಸೂರತ್ತಿನಲ್ಲಿ ಒಂದು ವರ್ಷ ಇದ್ದೆ. ಎಣ್ಣೆ ಮತ್ತು ವಜ್ರದ ಪುಡಿ ಸವರಿದ ಬೀಡು ಕಬ್ಬಿಣದ ಚಕ್ರದ ಮೇಲೆ ಕಲ್ಲು ಇಟ್ಟರೆ, ದಿಕ್ಕು ತಪ್ಪಿದರೆ ಗಂಟೆಯಾದರೂ ಅಲ್ಲಾಡುವುದಿಲ್ಲ. ಸ್ವಲ್ಪ ತಿರುಗಿಸಿದರೆ ಸವೆಯಲು ಶುರು. ಚಕ್ರದ ಸದ್ದಿನಲ್ಲೇ ಕಾರಿಗರನಿಗೆ ತಿಳಿಯುತ್ತದೆ. ಆಸ್ಟ್ರೇಲಿಯಾದ ಆರ್ಗೈಲ್ ಗಣಿಯ ಸಣ್ಣ ಕಂದು ಕಲ್ಲುಗಳನ್ನು ಒಡವೆಗೆ ತಂದವರು ನಮ್ಮ ಸೂರತ್ತಿನ ಈ ಕಾರಿಗರರೇ. ಇಲ್ಲದಿದ್ದರೆ ಅವೆಲ್ಲ ಗ್ರೈಂಡರ್ ಸರ್ ಡ್ರೆಸ್ಸರಿಗೆ ಹೋಗಬೇಕಾದ ಮಾಲು. ಆ ಗಣಿ 2020ರಲ್ಲಿ ಮುಚ್ಚಿತು.

ಕಿಟಕಿ ಗಾಜು ಬೇಡವೇ ಬೇಡ. ಗಾಜಿನ ಒಂದು ಮುಖ ಬೆಳಕಿನಲ್ಲಿ 100ಕ್ಕೆ 4 ಪಾಲು ವಾಪಸ್ ಕಳಿಸಿದರೆ, ವಜ್ರ 17 ಪಾಲು ಕಳಿಸುತ್ತದೆ. ಅದಕ್ಕೇ ಒಡವೆಯಲ್ಲಿ ಮಿಂಚುವುದು. ಮನೆಯೊಳಗೆ ಕೂತವರಿಗೆ ಕತ್ತಲೆ, ರಸ್ತೆಯಲ್ಲಿ ಹೋಗುವವರಿಗೆ ದಸರಾ.

ನಿವೃತ್ತ ಮೇಷ್ಟ್ರು (ಸರಸ್ವತಿಪುರಂ):

ಚಿನಿವಾರರೇ, ಮನೆಗೆ ಬೇಡ, ಆದರೆ ಒಂದು ಕಡೆ ವಜ್ರದ ಕಿಟಕಿಯೇ ಬೇಕಾಯಿತು. 1978ರಲ್ಲಿ ಶುಕ್ರಗ್ರಹಕ್ಕೆ ಇಳಿದ ಅಮೆರಿಕದ ಪಯೋನಿಯರ್ ನೌಕೆಯ ದೊಡ್ಡ ಕೋಶದಲ್ಲಿ ಅವಗೆಂಪು ಕಿರಣ ಅಳೆಯುವ ಉಪಕರಣ ಇತ್ತು. ಅಲ್ಲಿನ ಕುದಿಯುವ ಬಿಸಿ, ಭೂಮಿಗಿಂತ ತೊಂಬತ್ತು ಪಟ್ಟು ಒತ್ತಡ, ಗಂಧಕಾಮ್ಲದ ಮೋಡ. ಇದೆಲ್ಲ ತಡೆದುಕೊಂಡು ಅವಗೆಂಪನ್ನೂ ಒಳಗೆ ಬಿಡಬೇಕು. 200 ಕ್ಯಾರೆಟ್‌ಗೂ ಮೀರಿದ ಗಣಿ ಕಲ್ಲನ್ನು ಕೊಯ್ದು, ಉಜ್ಜಿ, ಕೊನೆಗೆ 13.5 ಕ್ಯಾರೆಟ್ಟಿನ ಬಿಲ್ಲೆ ಮಾಡಿದರು. ಹೆಚ್ಚೂಕಡಿಮೆ ಒಂದು ಸಣ್ಣ ನಾಣ್ಯದಷ್ಟು. ಉಳಿದದ್ದೆಲ್ಲ ಪುಡಿ, ಚೂರು. ಹೇರಳವಾಗಿ ದೊಡ್ಡ ಕಲ್ಲು ಸಿಕ್ಕರೆ ಇಂಥ ಕಡೆ ನಿಜವಾಗಿ ಅನುಕೂಲ.

ಇನ್ನೊಂದು ನನಗೆ ಬಹಳ ಪ್ರೀತಿಯದು. ಎರಡು ವಜ್ರಗಳ ಚೂಪು ತುದಿಯನ್ನು ಎದುರುಬದುರು ಇಟ್ಟು, ನಡುವೆ ಸಾಸಿವೆಗಿಂತ ಚಿಕ್ಕ ಚೂರು ಇರಿಸಿ, ತಿರುಪು ಬಿಗಿ ಮಾಡುತ್ತಾರೆ. ತುದಿ ಅಷ್ಟು ಸಣ್ಣದಾದ್ದರಿಂದ ಕೈಯಲ್ಲಿ ತಿರುಗಿಸುವ ಬಲಕ್ಕೇ ಭೂಮಿಯ ಕೇಂದ್ರದ ಒತ್ತಡ ಬರುತ್ತದೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 36 ಲಕ್ಷ ಪಟ್ಟು. ವಜ್ರ ಪಾರದರ್ಶಕವಾದ್ದರಿಂದ ಒಳಗೆ ಏನಾಗುತ್ತದೆ ಎಂದು ನೋಡಲೂಬಹುದು. 1958ರಿಂದ ಈ ಉಪಕರಣ ಇದೆ. ನಮ್ಮ ವಜ್ರಮುಷ್ಟಿ ಕಾಳಗದ ಜಟ್ಟಿಗಳಿಗೆ ಇದನ್ನು ತೋರಿಸಬೇಕು.

ಬಿಸಿ ಚಿಪ್ಪು (ವಿಜಯನಗರ 2ನೇ ಹಂತ):

ಮೇಷ್ಟ್ರೇ, ನೈಟ್ರೋಜನ್ನಿಗೆ ಬೈದೆನಲ್ಲ, ಅದರ ಪರವಾಗಿಯೂ ಒಂದು ಮಾತು ಹೇಳಬೇಕು. ವಜ್ರದಲ್ಲಿ ಒಂದು ಕಾರ್ಬನ್ ಜಾಗದಲ್ಲಿ ನೈಟ್ರೋಜನ್ ಕೂತು, ಪಕ್ಕದ ಜಾಗ ಖಾಲಿ ಉಳಿದರೆ ಆ ಜೋಡಿ ಪುಟ್ಟ ಅಯಸ್ಕಾಂತದ ಮುಳ್ಳಿನ ಹಾಗೆ ವರ್ತಿಸುತ್ತದೆ. ಹಸಿರು ಲೇಸರ್ ಬಿಟ್ಟರೆ ಕೆಂಪಗೆ ಬೆಳಗುತ್ತದೆ. ಹತ್ತಿರ ಕಾಂತಕ್ಷೇತ್ರ ಬದಲಾದರೆ ಆ ಬೆಳಕೂ ಬದಲಾಗುತ್ತದೆ, ಹಾಗಾಗಿ ಅದರಿಂದ ಕಾಂತಕ್ಷೇತ್ರ ಅಳೆಯಬಹುದು. ಇದಕ್ಕೆ ಅತಿ ಶೀತ ಬೇಕಿಲ್ಲ, ಕೋಣೆಯ ಉಷ್ಣಾಂಶದಲ್ಲೇ ನಡೆಯುತ್ತದೆ. ಮುಂಬೈ ಐಐಟಿಯಲ್ಲಿ ಇದರ ಕೆಲಸ ನಡೆದಿದೆ. ಇಲ್ಲಿಯೂ ಗಣಿ ಕಲ್ಲು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ನೈಟ್ರೋಜನ್ ಎಲ್ಲಿ, ಎಷ್ಟು ಇರಬೇಕು ಎಂದು ನಾವೇ ಹೇಳಬೇಕು. ಕೇಂದ್ರದ 2023ರ ಬಜೆಟ್ಟಿನಲ್ಲಿ ಲ್ಯಾಬ್ ವಜ್ರದ ಸಂಶೋಧನೆಗೆ ಐಐಟಿಯೊಂದಕ್ಕೆ ಹಣ ಘೋಷಿಸಿದರು, ಅದು ಮದ್ರಾಸ್ ಐಐಟಿಗೆ ಹೋಯಿತು. ಅವರು ಹಣ ಹಾಕಿದ್ದು ಗಣಿಗಲ್ಲ, ಬೆಳೆಸುವ ಯಂತ್ರಕ್ಕೆ ಅನ್ನುವುದನ್ನು ಗಮನಿಸಿ.

ಮದ್ದೂರು ಶೆಡ್:

ಅಂದರೆ ಒಟ್ಟು ಲೆಕ್ಕ ಇಷ್ಟು: ಕಾವಲಿ ಇಲ್ಲ, ಕಿಟಕಿ ಇಲ್ಲ, ಬೋರ್ ಬಿಟ್ ಇಲ್ಲ. ಪುಕ್ಕಟೆ ಸಿಕ್ಕರೂ ಬೇಡ ಅನ್ನುವ ಮಂಡ್ಯದವರನ್ನು ನಾನು ಇದೇ ಮೊದಲು ನೋಡಿದ್ದು.

ರಸ್ತೆಗೆ ಜಲ್ಲಿ ಬದಲು ಹಾಕಬಹುದಲ್ಲಾ?

ಕ್ವಾರಿ ಮಂಜ (ಶ್ರೀರಂಗಪಟ್ಟಣ):

ಹಾಕಬಹುದು. ಮೈಸೂರಿಂದ ಮದ್ದೂರು ಸೇರುವ ಹೊತ್ತಿಗೆ ಟೈರ್ ಇರುವುದಿಲ್ಲ, ರಿಮ್ ಮೇಲೆ ಬರುತ್ತೀಯ.

ಹೆಬ್ಬಾಳದ ಗ್ರೈಂಡರ್ (ಮೈಸೂರು):

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಗಳಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳಿಗೆ ಹಿಡಿಸಿದ್ದು ಮಂಜಣ್ಣನ ಸೆಗ್ಮೆಂಟ್, ಸವೆದರೆ ಒಳಗಿಂದ ಹೊಸ ವಜ್ರ ಬರುತ್ತದೆ ಅನ್ನುವುದು. ಹಾವು ಪೊರೆ ಬಿಟ್ಟ ಹಾಗಾ ಅಂತ ಕೇಳಿದಳು. ನಮ್ಮ ಟೂಲ್‌ರೂಮಿನ ಹಾರ್ಡ್‌ನೆಸ್ ಟೆಸ್ಟರಿನ ತುದಿಯಲ್ಲೂ ವಜ್ರ ಇದೆ, 120 ಡಿಗ್ರಿಯ ಶಂಕು, ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ ಅಂದೆ. ಅದನ್ನೂ ನೋಡಬೇಕಂತೆ.

ಮಂಜಣ್ಣ, ಸವೆದು ಬಿಸಾಡುವ ಬ್ಲೇಡಿನ ಒಂದು ಸೆಗ್ಮೆಂಟ್ ತೆಗೆದಿಡಿ. ಭಾನುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬರುತ್ತೇನೆ, ಟೂಲ್‌ರೂಮಿನ ಭೂತಗನ್ನಡಿಯನ್ನೂ ತರುತ್ತೇನೆ.

ಕ್ವಾರಿ ಮಂಜ (ಶ್ರೀರಂಗಪಟ್ಟಣ):

ಬನ್ನಿ ಸರ್. ಒಂದಲ್ಲ, ಒಂದು ಡಬ್ಬ ಇದೆ. ಖಜಾನೆಯಲ್ಲೇನೂ ಇಟ್ಟಿಲ್ಲ, ಪಂಪ್‌ಸೆಟ್ ಪಕ್ಕ ಬಿದ್ದಿದೆ.